ತಾರೀಖು ಮರೆಯೋ ಪೆಟ್ಟಿಗೆ

...ಅಯ್ಯೋ, ನಾನು ಯಾಕೆ ಬಿಚ್ಚಲಿ ಸ್ವಾಮಿ ಅದನ್ನ! ಕಂಪ್ಯೂಟರ್ ರಿಪೇರಿ ನಿಮ್ಮ ಕೆಲಸ, ಟೈಪ್ ಮಾಡೋದು ನನ್ನ ಕೆಲಸ. ಇಷ್ಟು ವರ್ಷದಿಂದ ಇದರ ಮುಂದೆ ಕೂತಿದೀನಿ, ಒಳಗೇನಿದೆ ಅಂತ ಇಣುಕಿ ನೋಡಿದವನಲ್ಲ. ಬಿಚ್ಚಿದ್ರೆ ಅವನೇ ಬಿಚ್ಚಿರ್ಬೇಕು. ಅವನು ಅಂದ್ರೆ ನನ್ನ ಹೆಂಡತಿ ತಮ್ಮ. ಟೈಲರ್. ನಮ್ಮ ಹಜಾರದಲ್ಲೇ ಹೊಲಿಗೆ ಮಿಷಿನ್ ಹಾಕ್ಕೊಂಡು... ನಗ್ಬೇಡಿ, ನೀವು ಅವನನ್ನ ನೋಡಿಲ್ಲ. ಮಾತೇ ಆಡಲ್ಲ! ಮಾತಾಡದವರ ಮೇಲೆ ನನಗೆ ಮೊದಲಿಂದ್ಲೂ ಅನುಮಾನ. ನಿಮ್ಮ ಮೇಲಲ್ಲ, ನೀವು ಬಿಚ್ಚಿ, ಬಿಚ್ಚಿ.

ಈ ಸೆಖೇಲಿ ಕೋಟು ಯಾಕೆ ಅಂತೀರಾ? ನಮ್ಮವಳೇ ಕೈಗೆ ಕೊಟ್ಟಳು. ಹೊರಗೆ ಹೋಗ್ತಿದೀರಿ, ಮರ್ಯಾದಸ್ತರ ಹಾಗೆ ಕಾಣಿ ಅಂತ.

ಏನು ಬರ್ತಿತ್ತು ಅಂದ್ರೆ... ಆನ್ ಮಾಡಿದ ತಕ್ಷಣ ಕಪ್ಪು ಪರದೆ. ಬಿಳಿ ಅಕ್ಷರ. ಬಯಾಸ್ ಅಂತೆ, ಚೆಕ್‌ಸಮ್ ತಪ್ಪಂತೆ, ಅದೇನೋ ನನಗೆ ಅರ್ಥ ಆಗಲ್ಲ, ತಾರೀಖು ಗೊತ್ತಿಲ್ವಂತೆ. ಮೇಲೆ ಫ್ಲಾಪಿ ಎಲ್ಲಿ ಅಂತ ಬೇರೆ ಕೇಳುತ್ತೆ! ಫ್ಲಾಪಿ ಕಿತ್ತೆಸೆದು ಯಾವ ಕಾಲ ಆಯ್ತು, ಈಗ ನೆನಪಾಯ್ತೇನು ಅದಕ್ಕೆ? ಎಫ್ ಒನ್ ಒತ್ತು, ಮುಂದೆ ಹೋಗು ಅನ್ನುತ್ತೆ. ಒತ್ತಿದೆ. ದಿನಾ ಒತ್ತಿದೆ. ಸರಿ ತಾರೀಖು ಹಾಕಿ, ಪ್ಲಗ್ ಕಿತ್ತು ಮಲಗ್ತೀನಿ. ಬೆಳಿಗ್ಗೆ ನೋಡಿದ್ರೆ ಮತ್ತೆ ಇಪ್ಪತ್ತು-ಇಪ್ಪತ್ತೈದು ವರ್ಷ ಹಿಂದೆ! ನಾನೂ ಅದರ ಜೊತೆ ಹೋಗಿದ್ರೆ ತಲೆ ತುಂಬ ಕೂದಲಾದ್ರೂ ಇರೋದು.

ಮೊನ್ನೆ ಒಬ್ಬ ಗಿರಾಕಿಗೆ ಕೆಲಸದ ಅರ್ಜಿ ಟೈಪ್ ಮಾಡ್ಕೊಟ್ಟೆ. ತಾರೀಖು ತಾನಾಗೇ ಬೀಳುತ್ತಲ್ಲ... ಬಿತ್ತು. ಹುಟ್ಟೋಕೆ ಮುಂಚೆನೇ ಕೆಲಸ ಕೇಳ್ಕೊಂಡು ಹೋದ ಹಾಗಾಯ್ತು ಅವನು. ಅವರಮ್ಮ ಬಂದು ಹಜಾರದಲ್ಲಿ ನಿಂತು ಬೈದ್ರು ನೋಡಿ! ನಮ್ಮ ಟೈಲರ್ ಮಿಷಿನ್ ನಿಲ್ಲಿಸಿ ಕೇಳಿಸ್ಕೊಂಡ. ತುಟಿ ಕೊನೇಲಿ ನಗು. ಆಗಲೇ ಖಾತ್ರಿಯಾಯ್ತು ನನಗೆ. "ಇದಕ್ಕೆ ಕೈ ಹಾಕಿದವನು ನೀನೇ, ನೀನಿನ್ನು ಈ ಮನೇಲಿ ಇರೋದು ಬೇಡ" ಅಂದುಬಿಟ್ಟೆ. ಏನಂದ ಗೊತ್ತಾ? "ಸರಿ ಭಾವ" ಅಂದ. ಅಷ್ಟೇ! ಸಂಜೆ ಗಾಡಿ ಬರುತ್ತೆ, ಮಿಷಿನ್ ಹೇರ್ಕೊಂಡು ಹೋಗ್ತಾನೆ. ನಮ್ಮವಳದು ಒಂದೇ ಹಟ... "ರಿಪೇರಿಯವರ ಕೈಲಿ ಹೇಳಿಸಿ, ಆಮೇಲೆ ನನ್ನ ತಮ್ಮನ್ನ ಕಳಿಸಿ." ಹೇಳಿಬಿಡಿ ಸ್ವಾಮಿ, ಅವನೇ ಕೆಡಿಸಿದ್ದು ಅಂತ. ಫೋನಲ್ಲಿ ಸಾಕು.

ಏನದು? ಚಿಮಟದ ತುದೀಲಿ ಏನು ಹಿಡ್ಕೊಂಡ್ರಿ? ಬ್ಯಾಟರಿ ಇರ್ಬೇಕಾದ ಜಾಗದಲ್ಲಿತ್ತಾ? ...ಗುಂಡಿ! ನೋಡಿ, ನೋಡಿ! ಗುಂಡಿ ಯಾರ ಹತ್ರ ಇರುತ್ತೆ? ಟೈಲರ್ ಹತ್ರ! ಗುರುತು ಬಿಟ್ಟೇ ಹೋಗಿದಾನೆ ಪುಣ್ಯಾತ್ಮ!

ಯಾಕೆ... ಗುಂಡಿನ ತಿರುಗಿಸ್ತಾನೇ ಇದೀರಾ?

ನನ್ನ ಯಾಕೆ ನೋಡ್ತೀರಾ? ಚಳಿ, ಅದಕ್ಕೇ ಕೈ ಕಟ್ಕೊಂಡಿದೀನಿ. ಸೆಖೆ ಅಂದೆ, ಹೌದು... ಈಗ ಚಳಿ. ಕೋಟಾ? ಹಳೇದು. ಮಧ್ಯದ ಗುಂಡಿ ಎಲ್ಲೋ ಬಿತ್ತು. ಕಂದು ಬಣ್ಣದ ಗುಂಡಿ ಲೋಕದಲ್ಲಿ ನನ್ನೊಬ್ಬನದೇನಾ?

ಏನಾದ್ರೂ ಅನ್ನಿ ಸ್ವಾಮಿ. ಬೈರಿ ಬೇಕಾದ್ರೆ!

...ಧೂಳು ಒರೆಸೋಣ ಅಂತ ಬಿಚ್ಚಿದ್ದು. ಬಿಲ್ಲೆ ಥರ ಒಂದು ಬ್ಯಾಟರಿ, ಸುಮ್ನೆ ಕೂತಿತ್ತು. ಕರೆಂಟಲ್ಲಿ ಓಡೋ ಯಂತ್ರಕ್ಕೆ ಬ್ಯಾಟರಿ ಯಾಕ್ರೀ? ಮನೇಲಿ ತೂಕ ನೋಡೋ ಮಿಷಿನ್‌ಗೆ ಅಂಥದ್ದೇ ಬೇಕಿತ್ತು. ಡಾಕ್ಟ್ರು ದಿನಾ ತೂಕ ನೋಡ್ಕೋ ಅಂದಿದ್ರು. ಖಾಲಿ ಬಿಟ್ರೆ ಧೂಳು ಕೂರುತ್ತಲ್ಲ ಅಂತ ಕೋಟಿಂದ ಬಿದ್ದ ಗುಂಡಿ ಇಟ್ಟೆ. ಅಳತೆ ತಗೊಂಡು ಮಾಡಿಸಿದ ಹಾಗೆ ಕೂತ್ಕೊಳ್ತು. ಆ ಬ್ಯಾಟರಿ ತೆಗೆದಿದ್ದಕ್ಕೂ ಇದು ತಾರೀಖು ಮರೆಯೋದಕ್ಕೂ ಸಂಬಂಧ ಇಲ್ಲ ಅಂದ್ಕೊಂಡೆ. ಮತ್ತೆ... ಹಾಗೇ ಅಂದ್ಕೊಂಡಿರೋಣ ಅಂದ್ಕೊಂಡೆ.

ಫೋನ್ ಯಾಕೆ ನನ್ನ ಕಡೆ ತಳ್ತೀರಾ? ಸರಿ, ಸರಿ, ಮಾಡ್ತೀನಿ.

ಹಲೋ... ನಾನೇ ಕಣೇ. ಅದು... ಹ್ಞೂಂ. ...ಹ್ಞೂಂ. ...ಬಂದೆ.

ಕೇಳಿ ಸ್ವಾಮಿ. ಗುಂಡಿ ಅನ್ನೋ ಮಾತು ನಾನು ಎತ್ತಲೇ ಇಲ್ಲ, ನೀವೇ ಸಾಕ್ಷಿ. ಅವಳೇ ಕೇಳಿದ್ಳು. "ಗುಂಡಿ ಸಿಕ್ತಾ? ತಗೊಂಡು ಬನ್ನಿ. ತಮ್ಮ ಸೂಜಿಗೆ ದಾರ ಪೋಣಿಸ್ಕೊಂಡು ಕೂತಿದಾನೆ. ಹೊಲಿದುಕೊಟ್ಟ ಮೇಲೆ ಇರ್ತಾನೋ ಹೋಗ್ತಾನೋ, ಬಾಗಿಲಲ್ಲಿ ನಿಮ್ಮ ಬಾಯಿಂದ ಮೊದಲು ಏನು ಬರುತ್ತೋ ನೋಡ್ಕೊಂಡು ಹೇಳ್ತಾನಂತೆ."