ಮೆಲ್‌ನ ಕೊಟ್ಟಿಗೆಯ ಕರಿ ದಿಮ್ಮಿಗಳು

ಆ ಬಾಗಿಲು ಸರಿಯಾಗಿ ಹಾಕಿ. ಗಾಳಿ ನುಗ್ತಿದೆ... ಹೂಂ, ಒಲೆ ಹತ್ರ ಬನ್ನಿ.

ಇದು ನನ್ನ ಚಿಕ್ಕಪ್ಪನ ಮಗ ಲೋರ್ಕನ್‌ಗೆ ಆದದ್ದು. ಹಾಲಿನ ಟ್ಯಾಂಕರ್ ಓಡಿಸ್ತಾನಲ್ಲ, ಅವನೇ. ಬಾಯಿ ಜಾಸ್ತಿ, ತಮಾಷೆ ಜಾಸ್ತಿ. ಸುಳ್ಳು ಮಾತ್ರ ಹೇಳೋನಲ್ಲ.

ಹೋದ ವರ್ಷ ನವೆಂಬರ್. ಐದು ಗಂಟೆಗೇ ಕಗ್ಗತ್ತಲು. ನಮ್ಮ ನೆರೆಯ ವಿಧವೆ ಅಟ್ರಾಕ್ಟಾ ಮನೆಯಿಂದ ಹೊಲ ದಾಟಿ ನಡ್ಕೊಂಡು ಬರ್ತಿದ್ದ. ಕೈಯೆಲ್ಲ ಗ್ರೀಸು. ಹಳೇ ಬಾವಿ ಹತ್ರ ಬಂದಾಗ ಕೈ ತೊಳೆಯೋಣ ಅಂತ ಬಗ್ಗಿದ. ಆಗ ಹಿಂದೆ, ಅವಳ ಕೊಟ್ಟಿಗೆ ಕಡೆಯಿಂದ, ಟ್ರಾಕ್ಟರ್ ಸ್ಟಾರ್ಟ್ ಆದ ಸದ್ದು. ಡುಗು ಡುಗು ಡುಗು... ಸ್ವಲ್ಪ ಹೊತ್ತು. ಆಮೇಲೆ ನಿಂತುಹೋಯ್ತು.

ಕಾದ. ಏನಿಲ್ಲ. ಹಂಚಿನ ಮೇಲೆ ಹನಿ ಬಿದ್ದ ಹಾಗೆ ಬಾವಿಯೊಳಗೆ ನೀರು ತೊಟಕ್... ತೊಟಕ್...

ಆಮೇಲೆ ಇನ್ನೊಂದು ಸದ್ದು. ಸಿಮೆಂಟ್ ನೆಲದ ಮೇಲೆ ಭಾರವಾದ ಮರ ಎಳೆದ ಹಾಗೆ. ಜರ್‌ರ್‌ರ್... ನಿಲ್ತು. ಮತ್ತೆ ಜರ್‌ರ್‌ರ್... ಕೊನೆಗೆ ಒಂದೇ ಒಂದು ಸಲ, ಕಬ್ಬಿಣ ಮರದ ಮೇಲೆ ಕೂತ ಸದ್ದು. ಠಕ್.

ಅಟ್ರಾಕ್ಟಾ ಏನೋ ಸರಿಸ್ತಿದಾಳೆ ಅಂದ್ಕೊಂಡ. ಮನೆಗೆ ಹೋದ.

ಅವನು ಅಲ್ಲಿ ಏನ್ ಮಾಡ್ತಿದ್ದ ಅಂತ ಹೇಳ್ತೀನಿ. ಅಟ್ರಾಕ್ಟಾ ಗಂಡ ಮೆಲ್ ಸೆಪ್ಟೆಂಬರ್‌ನಲ್ಲಿ ಹೋದ. ಟ್ರಾಕ್ಟರ್ ಹಿಂದೆ ಕಟ್ಟೋ ಪೊದೆ ಕಟರ್ ಇತ್ತಲ್ಲ, ಅದರಿಂದಲೇ. ಜೊಂಡು ಕತ್ತರಿಸ್ತಾ ಇದ್ದಾಗ ಬೇಲಿ ತಂತಿ ಸಿಕ್ಕಿ ಬ್ಲೇಡಿನ ಬುಡಕ್ಕೆ ಸುತ್ಕೊಂಡಿತ್ತು. ಕಟರ್ ಮೇಲೆತ್ತಿ, ಎಂಜಿನ್ ಆಫ್ ಮಾಡಿ, ತಂತಿ ಬಿಡಿಸೋಕೆ ಕೆಳಗೆ ನುಗ್ಗಿದ. ಕೆಳಗೆ ಏನೂ ಆಸರೆ ಇಡಲಿಲ್ಲ. ಆ ಟ್ರಾಕ್ಟರಲ್ಲಿ ಎಣ್ಣೆ ಒತ್ತಡದಿಂದ ಕಟರ್ ಎತ್ತಿ ಹಿಡಿಯೋ ಲಿಫ್ಟು ಸೋರೋದು. ಎತ್ತಿ ನಿಲ್ಲಿಸಿದ್ರೆ ತಾನಾಗೇ ಇಳಿಯುತ್ತೆ... ಮೊದಲು ನಿಧಾನಕ್ಕೆ, ಆಮೇಲೆ ಒಮ್ಮೆಲೇ. ಅವನಿಗೂ ಅದು ಗೊತ್ತಿತ್ತು. ಊಟಕ್ಕೆ ಬರಲಿಲ್ಲ ಅಂತ ಅಟ್ರಾಕ್ಟಾ ಹುಡುಕ್ಕೊಂಡು ಹೋದಳು.

ಅವಳು ಅಳಲಿಲ್ಲ. ಹೆಣದ ಮುಂದೆ ಕೂತು ಬಂದೋರಿಗೆಲ್ಲ ಟೀ ಕೊಟ್ಟಳು. ನನ್ನ ಕಪ್ಪಿಗೆ ಸಕ್ಕರೆ ಹಾಕಿದಳು, ಕದಡಿದಳು, ಮತ್ತೆ ಸಕ್ಕರೆ ಹಾಕಿದಳು. ನಾನು ಕುಡಿದೆ.

ಆ ಕಟರನ್ನ ಗುಜರಿಗೆ ಹಾಕು ಅಂತ ಎಲ್ಲರೂ ಹೇಳಿದ್ರು. ಅವಳು ಕೇಳಲಿಲ್ಲ. ಲೋರ್ಕನ್‌ಗೆ ಹೇಳಿ ಕಳಿಸಿದಳು. "ಅದನ್ನ ರಿಪೇರಿ ಮಾಡಿಕೊಡು. ಕೆಳಗಿನ ಹೊಲದಲ್ಲಿ ಜೊಂಡು ಅರ್ಧ ನಿಂತಿದೆ." ಅಷ್ಟೇ. ಮಳೆ ಬರೋ ಹಾಗಿದೆ ಅಂತ ಹೇಳಿದ ಹಾಗೆ.

ಪಬ್ಬಿನಲ್ಲಿ ಅವನನ್ನ ಆಡಿಕೊಂಡ್ರು. "ಏನಯ್ಯಾ, ಆ ಕಬ್ಬಿಣ ಮುಟ್ಟಿದ ಕೈಯಲ್ಲಿ ನನ್ನ ಗ್ಲಾಸ್ ಮುಟ್ಟಬೇಡ."

"ನಿನ್ನ ಗ್ಲಾಸಲ್ಲಿ ಏನಾದ್ರೂ ಉಳಿದಿದ್ರೆ ತಾನೇ ಮುಟ್ಟೋದು?" ಅಂದನಂತೆ ಲೋರ್ಕನ್. ನಗಾಡಿದ್ರು. ಆದ್ರೆ ಸಹಾಯಕ್ಕೆ ಅಂತ ಒಬ್ಬನೂ ಬರಲಿಲ್ಲ.

ಅವನು ಹುಷಾರು ಮನುಷ್ಯ. ಕೆಲಸ ಮಾಡೋವಾಗ ಕಟರ್ ಕೆಳಗೆ ತನ್ನ ಕಬ್ಬಿಣದ ಸ್ಟ್ಯಾಂಡುಗಳನ್ನ ಇಡೋನು. ಹೊರಡೋವಾಗ ಅವನ್ನ ತೆಗೆದು ಬಾಗಿಲ ಹತ್ರ ಇಟ್ಟು, ಕಟರನ್ನ ಪೂರ್ತಿ ನೆಲಕ್ಕೆ ಇಳಿಸಿ ಬರೋನು. ಆ ಮೊದಲ ಸಂಜೆ ಹಾಗೇ ಮಾಡಿ ಬಂದಿದ್ದ. ಮಾರನೇ ಸಂಜೆ ಹೋಗಿ ನೋಡ್ತಾನೆ... ಕಟರ್ ಮೇಲಿದೆ. ನಾಲ್ಕು ಮೂಲೆಗೂ ಮೊಣಕಾಲೆತ್ತರದ ಮರದ ದಿಮ್ಮಿ. ಕಪ್ಪು ಮರ. ಜೌಗು ನೆಲದಡಿಯಿಂದ ಅಗೆದು ತೆಗೀತಾರಲ್ಲ, ಅಂಥದ್ದು. ಅವನ ಸ್ಟ್ಯಾಂಡು ಬಾಗಿಲ ಹತ್ರ ಇಟ್ಟ ಹಾಗೇ ಇವೆ.

ಅಟ್ರಾಕ್ಟಾ ಟೀ ತಂದಳು.

"ದಿಮ್ಮಿ ಹುಡುಕಿ ಇಟ್ಟಿದ್ದು ಒಳ್ಳೇದಾಯ್ತು," ಅಂದ.

"ಹೂಂ," ಅಂದಳು. ಅವಳ ಮನಸ್ಸು ಅಲ್ಲಿರಲಿಲ್ಲ. ಕಪ್ಪು ಕೆಳಗಿಟ್ಟು ಹೋದಳು.

ಅವನು ಕೆಲಸಕ್ಕೆ ಕೂತ. ಸುತ್ಕೊಂಡಿದ್ದ ತಂತಿ ಒಂದೊಂದೇ ಎಳೆ ಕತ್ತರಿಸಿ ತೆಗೆದ. ಕಟಕ್... ಕಟಕ್... ಒಳಗಡೆ ಆಯಿಲ್ ಸೀಲು ಹರಿದು ಚಿಂದಿಯಾಗಿತ್ತು, ಗೇರ್ ಬಾಕ್ಸಿನ ಎಣ್ಣೆಯೆಲ್ಲ ಹೋಗಿತ್ತು. ಬ್ಲೇಡಿನ ಬೋಲ್ಟು ಎಷ್ಟು ತುಕ್ಕು ಹಿಡಿದಿತ್ತು ಅಂದ್ರೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೆ ನಿಂತ. "ಬಾರಪ್ಪಾ, ನಮ್ಮ ಅತ್ತೆಗಿಂತ ಹಟಮಾರಿ ನೀನು," ಅಂತ ಅದಕ್ಕೇ ಬೈದನಂತೆ. ಬೈದ ಮೇಲೆ ಸುತ್ತ ನೋಡಿದ. ಆ ಕೊಟ್ಟಿಗೇಲಿ ಅವನ ದನಿ ಅವನಿಗೇ ಬೇಡ ಅನ್ನಿಸ್ತು.

ಹೊರಡೋವಾಗ ಕಟರ್ ನೆಲಕ್ಕಿಳಿಸಬೇಕಲ್ಲ, ದಿಮ್ಮಿ ಗೋಡೆ ಕಡೆ ಸರಿಸೋಕೆ ಹೋದ. ಎತ್ತೋಕೆ ಆಗಲಿಲ್ಲ. ಒದ್ದ, ದಬ್ಬಿದ, ಸೊಂಟ ಹಿಡ್ಕೊಂಡ. ಕೊನೆಗೆ ಹಾರೆ ಹಾಕಿ ಮೀಟಿ ಮೀಟಿ ಒಂದೊಂದನ್ನೇ ಗೋಡೆಗೆ ಸೇರಿಸಿ, ಕಟರ್ ಇಳಿಸಿದ. ಟ್ಯಾಂಕರಿನ ಪೈಪು ಎಳೆಯೋ ಆಳು ಅವನು. ಅಟ್ರಾಕ್ಟಾಗೋ ಸಂಧಿವಾತ, ಕೆಟಲ್ ಎತ್ತೋಕೂ ಎರಡು ಕೈ ಬೇಕು.

ಇವನ್ನ ಇಲ್ಲಿಗೆ ತಂದೋರು ಯಾರು?

ಯೋಚನೆ ಮಾಡ್ತಾನೇ ಬಾವಿ ತನಕ ಬಂದ. ಮತ್ತೆ ಹಿಂದಿನಿಂದ... ಡುಗು ಡುಗು ಡುಗು. ನಿಂತುಹೋಯ್ತು.

ಈ ಸಲ ಅವನು ಮನೆಗೆ ಹೋಗಲಿಲ್ಲ. ತಿರುಗಿ ಓಡಿದ.

ಕೊಟ್ಟಿಗೆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಕಿಂಡಿಯಲ್ಲಿ ನೋಡಿದ. ಒಳಗೆ ದೀಪ ಇಲ್ಲ. ಲಿಫ್ಟಿನಿಂದ ಎಣ್ಣೆ ಸೋರೋ ಸದ್ದು ಮಾತ್ರ. ಸ್ಸ್ಸ್ಸ್...

"ಅಟ್ರಾಕ್ಟಾ," ಅಂತ ಪಿಸುಗುಟ್ಟಿದ. ಯಾಕೆ ಪಿಸುಗುಟ್ಟಿದೆ ಅಂತ ಅವನಿಗೇ ಗೊತ್ತಿಲ್ಲ.

"ಹೂಂ." ದನಿ ನೆಲದಿಂದ ಬಂತು. ಕಟರ್ ಕೆಳಗಿನಿಂದ.

ಭುಜ ಕೊಟ್ಟು ಬಾಗಿಲು ಗುದ್ದಿದ. ಅಲ್ಲಾಡಲಿಲ್ಲ. ಒಳಗೆ ಸ್ಸ್ಸ್ಸ್... ಜೋರಾಯ್ತು. ಕಬ್ಬಿಣ ಕಿರ್‌ರ್ ಅಂತು. ಇಳೀತಾ ಇದೆ. ಮತ್ತೆ ಗುದ್ದಿದ. ಆಗ ಕೇಳಿಸ್ತು... ಗೋಡೆ ಕಡೆಯಿಂದ. ಜರ್‌ರ್‌ರ್... ಅದರ ಜೊತೆಗೆ ಉಸಿರು. ಭಾರ ಎತ್ತೋವಾಗ ಗಂಡಸು ಮೂಗಿನಲ್ಲಿ ಬಿಡ್ತಾನಲ್ಲ, ಆ ಉಸಿರು. ಮತ್ತೆ ಜರ್‌ರ್‌ರ್... ಕೂತು ಎದ್ದ ಹಾಗೆ ಮೊಣಕಾಲು ಟಿಕ್ ಅಂತು.

ಠಕ್.

ಸೋರೋ ಸದ್ದು ನಿಂತುಹೋಯ್ತು.

ಚಿಲಕ ಕಿತ್ಕೊಂಡು ಒಳಗೆ ಬಿದ್ದ. ಟಾರ್ಚ್ ಹಾಕಿದ. ನಾಲ್ಕು ಮೂಲೆಗೂ ದಿಮ್ಮಿ. ನಡುವೆ ಅಟ್ರಾಕ್ಟಾ, ಆಲೂಗಡ್ಡೆ ಚೀಲದ ಮೇಲೆ ಅಂಗಾತ ಮಲಗಿದ್ದಾಳೆ. ಚರ್ಚಿಗೆ ಹೋಗೋ ಕೋಟು, ಗುಂಡಿ ಕತ್ತಿನ ತನಕ ಹಾಕಿದೆ. ಕಣ್ಣು ತೆರೆದಿದೆ. ಬ್ಲೇಡು ಮುಖದಿಂದ ಒಂದು ಗೇಣು ಮೇಲೆ. ಬೇರೆ ಯಾರೂ ಇಲ್ಲ.

"ಬನ್ನಿ ಹೊರಗೆ."

"ಬರ್ತೀನಿ ಇರು."

"ಈಗಲೇ ಬನ್ನಿ!"

ಅವಳು ಪಕ್ಕಕ್ಕೆ ಹೊರಳಿ, ನಿಧಾನಕ್ಕೆ ಈಚೆ ಬಂದಳು. ಕೋಟಿನ ಧೂಳು ಕೊಡವಿದಳು. "ನಿನಗೆ ಇವತ್ತು ಬಾಗಿಲು ಯಾಕೆ ಮುರೀಬೇಕಿತ್ತೋ? ನಿನ್ನೆ ಸುಮ್ಮನೆ ಬಂದು ಇಟ್ಟು ಹೋದೆಯಲ್ಲ."

"ಏನು ಇಟ್ಟು ಹೋದೆ?"

"ದಿಮ್ಮಿ. ನಿನ್ನೆ ಇಟ್ಟೆ. ಈಗಲೂ ಇಟ್ಟೆ. ಒಂದು ಮಾತೂ ಆಡದೆ."

"ನಾನು ಹೊರಗಿದ್ದೆ, ಅಟ್ರಾಕ್ಟಾ. ಈಗ ಬಂದೆ. ಚಿಲಕ ಹಾಕಿದ್ದು ನೀವೇ."

ಅವಳು ಮುರಿದ ಚಿಲಕ ನೋಡಿದಳು. ಅವನ ಬೂಟು ನೋಡಿದಳು. ಬಾಗಿಲಿನಿಂದ ಅವನು ನಿಂತಲ್ಲಿ ತನಕ ಒದ್ದೆ ಹೆಜ್ಜೆ. ಗೋಡೆ ಕಡೆ ಒಂದೂ ಇಲ್ಲ.

"ಮೆಲ್‌ನ ಬಲ ಮೊಣಕಾಲು ಟಿಕ್ ಅನ್ನೋದು," ಅಂದಳು. "ನನಗೆ ಕೇಳಿಸ್ತು. ಆದ್ರೂ ನೀನೇ ಅಂದ್ಕೊಂಡೆ."

"ಯಾಕೆ ಹೀಗೆ ಮಾಡಿದ್ರಿ?" ಅಂದ.

"ಅವನು ಅಲ್ಲಿ ಮಲಗಿದ್ದಾಗ ಏನು ಕಾಣ್ತಿತ್ತೋ ನೋಡೋಣ ಅಂತ. ಟ್ರಾಕ್ಟರ್ ಸ್ಟಾರ್ಟ್ ಮಾಡಿ ಕಟರ್ ಎತ್ತಿದೆ, ಆಫ್ ಮಾಡಿ ಕೆಳಗೆ ಮಲಗಿದೆ. ನೋಡಿದೆ. ಏನೂ ಅನ್ನಿಸಲಿಲ್ಲ. ಆಮೇಲೆ ಏಳೋಕೆ ಕಾರಣವೂ ಕಾಣಲಿಲ್ಲ. ನಿನ್ನೆ ಅದು ಇಳಿಯೋದು ನಿಂತುಹೋಯ್ತು. ಎದ್ದು ಹೋಗಿ ಮಲಗಿದೆ. ಇವತ್ತು ಮತ್ತೆ ಬಂದೆ." ಕೋಟು ಮೈಗೆ ಬಿಗಿಯಾಗಿ ಎಳ್ಕೊಂಡಳು. ಆಮೇಲೆ, "ಚಳಿ ಆಗ್ತಿದೆ ಲೋರ್ಕನ್," ಅಂದಳು.

ಮೆಲ್ ಹೋದ ಮೇಲೆ ಆ ಮನೇಲಿ ಚಳಿ ಕಾಯೋ ಒಲೆ ಹಚ್ಚಿರಲಿಲ್ಲ, ಟೀಗೆ ಕರೆಂಟ್ ಕೆಟಲ್ ಅಷ್ಟೇ. ನವೆಂಬರ್ ತನಕ. ಅವಳಿಗೆ ಚಳಿ ಅನ್ನೋದು ಗೊತ್ತಾಗಿದ್ದೇ ಆಗ.

ಅವಳನ್ನ ಕೈ ಹಿಡ್ಕೊಂಡು ಸೀದಾ ನನ್ನ ಮನೆಗೆ ಕರ್ಕೊಂಡು ಬಂದ. ಈಗ ನೀವು ಕೂತಿರೋ ಕುರ್ಚೀಲೇ ಕೂತಳು. ಸೂಪು ಕೊಟ್ಟೆ, ಕುಡಿದಳು. ಡಾಕ್ಟರಿಗೆ ಫೋನ್ ಮಾಡಿದೆ, ಆತ ಆ ರಾತ್ರಿಯೇ ಬಂದ. ಚಳಿಗಾಲ ಪೂರ್ತಿ ಅವಳು ನಮ್ಮಲ್ಲೇ ಇದ್ದಳು. ಅತ್ತದ್ದು ಒಂದೇ ಸಲ, ಜನವರಿಯಲ್ಲಿ, ಈರುಳ್ಳಿ ಹೆಚ್ತಾ ಇದ್ದಾಗ. ಈರುಳ್ಳಿ ಮುಗಿದ ಮೇಲೂ ನಿಲ್ಲಲಿಲ್ಲ. ನಾನು ಸುಮ್ಮನೆ ಇನ್ನೊಂದು ಈರುಳ್ಳಿ ಮುಂದಿಟ್ಟೆ.

ಕೊಟ್ಟಿಗೆಗೆ ಲೋರ್ಕನ್ ಹೊಸ ಬೀಗ ಹಾಕಿದ. ಬೀಗದ ಕೈ ನನ್ನ ಏಪ್ರನ್ ಜೇಬಿನಲ್ಲಿ. ಹಗಲು ಮಾತ್ರ ಹೋಗಿ ಕೆಲಸ ಮುಗಿಸಿದ. ಮೊದಲು ಲಿಫ್ಟಿನ ಸೋರಿಕೆ. ಆಮೇಲೆ ಆಯಿಲ್ ಸೀಲು, ಹೊಸ ಎಣ್ಣೆ. ಬ್ಲೇಡು ಎರಡನ್ನೂ ಸಮ ತೂಕಕ್ಕೆ ಬರೋ ಹಾಗೆ ಸಾಣೆ ಹಿಡಿದ, ಇಲ್ಲದಿದ್ರೆ ಅದು ನಡುಗಿ ನಡುಗಿ ಗೇರ್ ಬಾಕ್ಸ್ ಒಡೆದುಕೊಳ್ಳುತ್ತೆ.

ಫೆಬ್ರವರಿಯಲ್ಲಿ ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿದ್ದ ಒಂದು ದಿನ, ಉಳಿದಿದ್ದ ಜೊಂಡು ಕತ್ತರಿಸಿದ. ಅಟ್ರಾಕ್ಟಾ ಬೇಲಿ ಹತ್ರ ನಿಂತು ನೋಡಿದಳು. "ಮೂಲೆ ಬಿಟ್ಟೆಯಲ್ಲೋ ಸೋಮಾರಿ," ಅಂತ ಕೂಗಿದಳು. ಅಷ್ಟು ಜೋರಾಗಿ ಅವಳು ಮಾತಾಡಿ ಎಷ್ಟೋ ದಿನ ಆಗಿತ್ತು. ಅವನು ವಾಪಸ್ ಹೋಗಿ ಮೂಲೇನೂ ಕತ್ತರಿಸಿದ.

ಗಾಡಿ ಒಳಗಿಟ್ಟು, ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟ. ಮಾರನೇ ಬೆಳಿಗ್ಗೆ ಅವನಿಗೆ ನೆನಪಾಯ್ತು, ಕಟರ್ ತಿರುಗಿಸೋ ಶಾಫ್ಟಿಗೆ ಗ್ರೀಸ್ ಹೊಡೆದಿಲ್ಲ ಅಂತ. ಒಬ್ಬನೇ ಹೋಗೋಕೆ ಮನಸ್ಸಿಲ್ಲ. "ಬಾರೇ," ಅಂದ. ಬೀಗ ತೆಗೆದವಳು ನಾನೇ. ಒಳಗೆ ಬಕೆಟ್ ನೀರು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು.

ಶಾಫ್ಟಿನ ಎಲ್ಲ ಕೀಲುಗಳಿಗೂ ಗ್ರೀಸ್ ಹೊಡೆದಾಗಿತ್ತು. ಹೆಚ್ಚಾಗಿ ಉಬ್ಬಿ ಬಂದದ್ದನ್ನ ಬಟ್ಟೇಲಿ ಒರೆಸಿಯೂ ಆಗಿತ್ತು.

ಲೋರ್ಕನ್ ಗೋಡೆಯ ಮೊಳೆಯಿಂದ ಗ್ರೀಸ್ ಗನ್ ತೆಗೆದ. ಹಿಡಿಕೆ ತಿರುಗಿಸಿ ನೋಡಿದ. ಆಮೇಲೆ ನನ್ನ ಕೈಗೆ ಕೊಟ್ಟ.

ಅವನು ಹೇಳಿದ್ದಾಗಿದ್ರೆ ನಾನೂ ಅನುಮಾನ ಪಡ್ತಿದ್ದೆ. ಇದೇ ಕೈಯಲ್ಲಿ ಹಿಡಿದೆ, ನೋಡಿ. ಹಿಡಿಕೆ ಬೆಚ್ಚಗಿತ್ತು.