ತೆರೆದಿಡಬೇಕಾದ ಕಿವಿ

ಭಾಲ್ಕಿ ಬಸ್ ನಿಲ್ದಾಣದಲ್ಲಿ ಔರಾದ ಬಸ್ಸಿಗಾಗಿ ಕಾಯುತ್ತಿದ್ದ ಈಶ್ವರಿ ಟೀಚರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳುತ್ತಿತ್ತು. ಹೆಂಗಸೊಬ್ಬಳು ಚೀಲದಿಂದ ಹೆಡ್‌ಫೋನ್ ತೆಗೆದು ಜೊತೆಗಿದ್ದ ತರುಣನ ಕೈಗಿಟ್ಟಳು.

“ತಗೋ ಆಶೀಷ. ನನ್ನ ಮಗ ವೀರಭದ್ರಂದು. ಅಂವ ತೀರಿಕೊಂಡಾಗಿಂದ ಟ್ರಂಕಿನ್ಯಾಗೇ ಇತ್ತು.”

“ಬ್ಯಾಡ್ರಿ ಕಾಕು. ಮೊದಲೇ ಅಂಜಿಕಿ ಬರ್ಲತ್ತದ.”

“ಹಲಬರ್ಗಾದ ಮದುವ್ಯಾಗ ಇಬ್ಬರೂ ಕೂಡಿ ಡಿಜೆ ಹಚ್ಚಿ ಊರೇ ಕುಣಿಸಿದ್ರಿ. ಹೈದ್ರಾಬಾದಿನ ಕ್ಲಬ್ಬಿನ್ಯಾಗ ಡಿಜೆ ಹಚ್ಚಲಾಕ ಯಾಕ ಅಂಜ್ತಿ?”

“ಅಲ್ಲಿ ಒಬ್ಬನೇ ನಿಂದರ್ತೇನ್ರಿ. ಮೊದಲನೇ ಸಲ.”

“ಇದು ಹಾಕ್ಕೋ. ಹೊರಗಿಂದು ಏನೂ ಕೇಳಂಗಿಲ್ಲ, ಅಂಜಿಕಿನೂ ಆಗಂಗಿಲ್ಲ.”

“ಒಂದೇ ಕಿವಿಗಿ ಹಾಕ್ಕೋಬೇಕ್ರಿ, ಮುಂದಿನ ಹಾಡ ಕೇಳ್ಲಾಕ. ಇನ್ನೊಂದು ತೆರೆದಿಡಬೇಕು, ಹೊರಗ ನಡದಿದ್ದು ಕೇಳ್ಲಾಕ. ಆ ಕಡಿ ವೀರಭದ್ರ ನಿಂತು, ‘ಅಂಜಬ್ಯಾಡ, ಛಲೋ ನಡದದ’ ಅಂತಿದ್ದ.”

ಅವನ ಕೈಯಲ್ಲಿದ್ದ ಹೆಡ್‌ಫೋನನ್ನು ಅವಳು ಸೆರಗಿನಿಂದ ಒರೆಸಿದಳು.

“ಹಂಗಾದ್ರ ಆ ಕಿವೀನೂ ಮುಚ್ಕೋ, ತಮ್ಮಾ.”

“ಮುಚ್ಚಿದ್ರ ಹಾಡಿಗಿ ಹಾಡ ಕೂಡಂಗಿಲ್ರಿ.”

ಹೈದರಾಬಾದ ಬಸ್ ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕುಳಿತ. ಬಸ್ ಹೊರಟಾಗ ಅವಳೂ ಅದರ ಜೊತೆಗೇ ದಡಬಡಿಸಿ ನಡೆದಳು.

“ಅಂಜಬ್ಯಾಡ! ಛಲೋ ನಡದದ!”

ಎಂಜಿನ್ ಸದ್ದಿನಲ್ಲಿ ಅದು ಈಶ್ವರಿಗೆ ಮಾತ್ರ ಕೇಳಿಸಿತು.