ಎತ್ತದ ಬೆರಳು

ಇದು ನಮ್ಮ ಪಕ್ಕದ ಕುರಿ ಫಾರಂನ ಕ್ಲೈವನಿಗೆ ಆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಆ ದೀಪ ಮಾತ್ರ ಆರಿಸಬೇಡಿ.

ರಾತ್ರಿ ಹನ್ನೊಂದು. ಕ್ಲೈವ್ ತನ್ನ ಯೂಟ್ ಅನ್ನುವ ಪಿಕಪ್ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬರುತ್ತಿದ್ದ. ಗಾಳಿಯಂತ್ರದ ಬಾವಿ ಹತ್ತಿರ ಬಂದ. ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಆದರೂ ಮೇಲಿನ ರೆಕ್ಕೆ ತಿರುಗುತ್ತಿತ್ತು. ಕಿರ್ರ್... ಟಣ್. ಕಿರ್ರ್... ಟಣ್. ಅವನು ತಲೆ ಎತ್ತಲಿಲ್ಲ.

ಬಾವಿಯ ಆಚೆಗೆ ಸತ್ತುಹೋದ ತಮ್ಮ ಎರಲ್‌ನ ಮನೆ. ಗೇಟಿನಲ್ಲಿ ತಮ್ಮನ ಹೆಂಡತಿ ನೆರಿಡಾ ಟಾರ್ಚು ಹಿಡಿದು ನಿಂತಿದ್ದಳು.

"ಗಾಡಿ ಎಲ್ಲಿ?" ಪಿಸುಗುಟ್ಟಿದಳು.

"ತಿರುವಲ್ಲಿ."

"ಬೆರಳು ಎತ್ತಿದ್ಯಾ?"

ಅವನು ಗೇಟಿನ ಚಿಲಕ ಹಿಡಿದುಕೊಂಡ.

ನಮ್ಮ ಕಡೆ ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಮೇಲಿಂದ ತೋರುಬೆರಳು ಎತ್ತಬೇಕು. ಗುರುತಿರಲಿ, ಇಲ್ಲದಿರಲಿ. ಎತ್ತದಿದ್ದರೆ ಮುಖಕ್ಕೆ ಉಗಿದ ಹಾಗೆ. ಎರಲ್ ತನ್ನ ಕುರಿ ಕಚ್ಚಿತೆಂದು ಅಣ್ಣನ ನಾಯಿ ಪೆಗ್ಗಿಗೆ ಗುಂಡು ಹೊಡೆದಿದ್ದ. ಕಚ್ಚಿದ್ದು ಕಾಡುನಾಯಿ ಅಂತ ಆಮೇಲೆ ಗೊತ್ತಾಯಿತು. ತಪ್ಪಾಯಿತು ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಆದರೆ ದಾರಿಯಲ್ಲಿ ಎದುರಾದಾಗಲೆಲ್ಲ ಬೆರಳು ಎತ್ತುತ್ತಿದ್ದ. ಕ್ಲೈವ್ ಎರಡು ವರ್ಷ ಎತ್ತಲಿಲ್ಲ. ಇಬ್ಬರಿಗೂ ಎರಡು ಬಿಗಿಯಬೇಕಿತ್ತು, ನನ್ನನ್ನು ಕೇಳಿದರೆ. ಒಂದು ಸಂಜೆ ಹಾಗೆಯೇ ಎದುರಾದರು, ಎರಲ್ ಎತ್ತಿದ, ಇವನು ಎತ್ತಲಿಲ್ಲ. ಹತ್ತು ನಿಮಿಷಕ್ಕೆ ಎರಲ್‌ನ ಯೂಟ್ ತಿರುವಿನಲ್ಲಿ ಪಲ್ಟಿ ಹೊಡೆಯಿತು.

ಆರು ತಿಂಗಳ ಮೇಲೆ ಕ್ಲೈವನ ಗಾಡಿಯ ಸ್ಟೀರಿಂಗ್ ಕಂಬ ಗಡಗಡ ಅಲುಗಾಡತೊಡಗಿತು. ಗುಜರಿಯಲ್ಲಿ ಅದೇ ಮಾದರಿಯ ಗಾಡಿ ಒಂದೇ ಇತ್ತು, ಎರಲ್‌ನದು. ಕಂಬ ಗಟ್ಟಿಯಾಗಿತ್ತು. ಜೊತೆಗೆ ಕ್ರೂಸ್ ಕಂಟ್ರೋಲ್ ಬೇರೆ. ಗುಂಡಿ ಒತ್ತಿದರೆ ಸಾಕು, ಕಾಲು ತೆಗೆದರೂ ಗಾಡಿ ಅದೇ ವೇಗದಲ್ಲಿ ಓಡುತ್ತದೆ. ಕ್ಲೈವ್ ಎಲ್ಲ ಬಿಚ್ಚಿ ತಂದ.

ಅವನು ಶೆಡ್ಡಿನಲ್ಲಿ ಅದನ್ನು ತನ್ನ ಗಾಡಿಗೆ ಕೂರಿಸುತ್ತಿದ್ದಾಗ ನೆರಿಡಾ ನುಗ್ಗಿ ಬಂದಳು.

"ಬದುಕಿದ್ದಾಗ ಒಂದು ಬೆರಳು ಎತ್ತೋಕೆ ಭಾರ ಆಯ್ತು. ಈಗ ಅವನ ಸ್ಟೀರಿಂಗ್ ಬೇಕಾ? ನಾಚಿಕೆ ಆಗಲ್ವಾ ನಿನಗೆ?"

"ನನ್ನ ನಾಯಿ ಕೊಂದವನದು. ಅಷ್ಟಾದ್ರೂ ಸಿಗ್ಲಿ."

"ತಗೋ. ಆ ತಿರುವಲ್ಲೇ ಕಾಯ್ತಿರ್ತಾನೆ. ನೀನು ಬೆರಳು ಎತ್ತೋವರೆಗೂ ಬಿಡಲ್ಲ, ನೋಡ್ತಿರು."

ಅವಳು ಹೋದಳು. ಕ್ಲೈವ್ ಹಲ್ಲು ಕಡಿಯುತ್ತಾ ಕಂಬದ ಮುಚ್ಚಳಕ್ಕೆ ಸ್ಕ್ರೂ ಬಿಗಿದು, ಸ್ಪ್ಯಾನರ್ ಎಸೆದ. ಸಿಟ್ಟು ರಾತ್ರಿಯಾದರೂ ಇಳಿಯಲಿಲ್ಲ. ತಿರುವಿಗೇ ಹೋಗಿ ಬರುತ್ತೇನೆಂದು ಗಾಡಿ ಹೊರಡಿಸಿದ.

ನೇರ ರಸ್ತೆ. ವೇಗ ತೊಂಬತ್ತು. ಗುಂಡಿ ಒತ್ತಿದ. ಟಿಕ್. ಕಾಲು ತೆಗೆದ. ಗಾಡಿ ಓಡಿತು.

ತಿರುವು ಕಂಡಿತು. ಬ್ರೇಕ್ ಒತ್ತಿದ... ತೊಂಬತ್ತು. ಇನ್ನೊಮ್ಮೆ ಒತ್ತಿದ... ತೊಂಬತ್ತೇ. ಸ್ಟೀರಿಂಗ್ ಕಲ್ಲಾಗಿತ್ತು.

ಎದುರಿಗೆ ಎರಡು ದೀಪ. ಎಡಗಡೆಯದು ಮಂಕು ಹಳದಿ. ಎರಲ್ ಅದನ್ನು ಬದಲಾಯಿಸುತ್ತೇನೆ ಅಂತ ವರ್ಷಗಟ್ಟಲೆ ಹೇಳುತ್ತಲೇ ಇದ್ದ. ಇಂಜಿನ್ನಿನ ಸದ್ದಿಲ್ಲ. ಬರೀ ದೀಪ...

"ಪೆಗ್ಗಿ ನಿನಗೇನು ಮಾಡಿತ್ತೋ!" ಕ್ಲೈವ್ ಅರಚಿದ. "ಹೇಳೋ! ಏನು ಮಾಡಿತ್ತು?"

ದೀಪ ಹತ್ತಿರ ಬಂತು. ಇನ್ನೂ ಹತ್ತಿರ...

ಕ್ಲೈವ್ ಬೈಯುತ್ತಲೇ ಬೆರಳು ಎತ್ತಿದ.

ಟಿಕ್.

ಸ್ಟೀರಿಂಗ್ ಸಡಿಲವಾಯಿತು. ದೀಪ ಇರಲಿಲ್ಲ. ಗಾಡಿ ಜಲ್ಲಿಯ ಮೇಲೆ ಜಾರಿ, ಎರಲ್‌ಗೆಂದು ನೆಟ್ಟಿದ್ದ ಬಿಳಿ ಶಿಲುಬೆಗೆ ಗೇಣು ದೂರದಲ್ಲಿ ನಿಂತಿತು. ಮತ್ತೆ ಆ ಸ್ಟೀರಿಂಗ್ ಮುಟ್ಟಲು ಅವನಿಗೆ ಧೈರ್ಯ ಸಾಲಲಿಲ್ಲ. ಇಳಿದು ನಡೆದ.

ಬೆರಳು ಎತ್ತಿದ್ಯಾ ಅಂತ ಗೇಟಿನಲ್ಲಿ ಕೇಳಿದ ನೆರಿಡಾಳಿಗೆ ಅಂದ, "ಎತ್ತಿದೆ... ಆದ್ರೆ ಕ್ಷಮಿಸಿಲ್ಲ ಅವನನ್ನ."

"ನಾನೂ ನಿನ್ನನ್ನ ಕ್ಷಮಿಸಿಲ್ಲ," ಅಂದಳು ನೆರಿಡಾ. ಆದರೂ ಅವನ ಮನೆಯವರೆಗೆ ಟಾರ್ಚು ಬಿಡುತ್ತಾ ಜೊತೆಗೆ ನಡೆದಳು.

ಬೆಳಿಗ್ಗೆ ಗಾಡಿ ಎಳೆದು ತಂದವನು ನಾನೇ. ಕಂಬದ ಮುಚ್ಚಳ ನಾನೇ ಬಿಚ್ಚಿದೆ. ಕ್ಲೈವ್ ಸಿಟ್ಟಿನಲ್ಲಿ ಕ್ರೂಸಿನ ವೈರು ಸಿಕ್ಕಿಸುವುದನ್ನೇ ಮರೆತಿದ್ದ. ಗುಜರಿಯವರು ಸುತ್ತಿದ್ದ ಟೇಪು ಹಾಗೆಯೇ ಇತ್ತು, ವೈರು ಸುಮ್ಮನೆ ಜೋತಾಡುತ್ತಿತ್ತು. ಸುಳ್ಳಲ್ಲ... ಈ ಕೈಯಿಂದಲೇ ಮುಟ್ಟಿ ನೋಡಿದ್ದೇನೆ.